ಅನಾನಸಿನ ಸಾಲುಗಳೂ ಮಾತ್ರಾಗಣದ ಲೆಕ್ಕವೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ತೋಟಗಳಲ್ಲಿ ಬೆಳೆಯುವ ಅನಾನಸಿನ ಕಣ್ಣುಗಳನ್ನು ಓರೆಯಾಗಿ ಎಣಿಸಿದರೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 8, ಎದುರು ದಿಕ್ಕಿಗೆ 13 ಸಾಲುಗಳು ದೊರೆಯುತ್ತವೆ.

ಛಂದಸ್ಸಿನ ವಿದ್ಯಾರ್ಥಿಗೆ ಈ ಸಂಖ್ಯೆಗಳು ಹೊಸವಲ್ಲ. ರಾಘವಾಂಕನ ವಾರ್ಧಕ ಷಟ್ಪದಿಗೆ ಆಧಾರವಾದ ಐದು ಮಾತ್ರೆಯ ಗಣವನ್ನು ಲಘು-ಗುರುಗಳಿಂದ 8 ಬಗೆಯಾಗಿ ಕಟ್ಟಬಹುದು; ಆರು ಮಾತ್ರೆಯದನ್ನು 13 ಬಗೆಯಾಗಿ. ಗಣದ ಕೊನೆ ಲಘುವಾದರೆ ಮುಂಚಿನ ಭಾಗದಲ್ಲಿ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು. ಆದುದರಿಂದ ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನದು: 1, 2, 3, 5, 8, 13. ಇದನ್ನು 12ನೆಯ ಶತಮಾನದಲ್ಲಿ ಜೈನಾಚಾರ್ಯ ಹೇಮಚಂದ್ರನು ನಿರೂಪಿಸಿದನು. ಇಟಲಿಯ ಫಿಬೊನಾಚಿಯ ಗ್ರಂಥ 1202ರದು.

ಹಣ್ಣಿನಲ್ಲಿ ಇದಕ್ಕೆ ಕಾರಣ ಬೇರೆ. ಬೆಳೆಯುವ ತುದಿಯಲ್ಲಿ ಪ್ರತಿ ಹೊಸ ಮೊಗ್ಗೂ ಹಳೆಯವುಗಳ ನಡುವೆ ಹೆಚ್ಚು ತೆರವಿರುವೆಡೆ ಮೂಡುತ್ತದೆ. ಸಾಲುಗಳು ತಾವಾಗಿಯೇ ಏರ್ಪಡುತ್ತವೆ. ತುಳಸಿಯ ಎಲೆಗಳಾದರೋ ಎದುರುಬದುರಾಗಿ ಎರಡೆರಡೇ ಹುಟ್ಟುತ್ತವೆ. ಆದಕಾರಣ ಈ ನಿಯಮವು ಸರ್ವತ್ರ ಸಲ್ಲುವುದೆಂದು ಎಣಿಸದೆ ಹೇಳಲಾಗದು.