ಕಲ್ಲಾದ ಕೋಳಿಗೆ ಎಷ್ಟು ಹೊತ್ತು?

ಚಿಂತಾಮಣಿ ಬಳಿಯ ಅಂಬಾಜಿದುರ್ಗದ ಸೀಮೆಯಲ್ಲಿ ಕೋಳಿಯ ಐಸ್ ಬಿಡಿಸುವುದು ಹೇಗೆ ಎಂದು ಮೊನ್ನೆಮೊನ್ನೆಯವರೆಗೆ ಯಾರೂ ಕೇಳಿದವರಲ್ಲ. ಬೆಳಗ್ಗೆ ತಿಪ್ಪೆ ಕೆದಕುತ್ತಿದ್ದ ಹುಂಜ ಮಧ್ಯಾಹ್ನಕ್ಕೆ ಮುದ್ದೆಯ ಪಕ್ಕದಲ್ಲಿ ಸಾರಾಗಿರುತ್ತಿತ್ತು. ನಡುವೆ ಇದ್ದದ್ದು ಒಂದು ಹಂಡೆ ಬಿಸಿನೀರು, ಪುಕ್ಕ ಕೀಳುವ ನಾಲ್ಕು ಕೈ, ಅರಿಸಿನ ಸವರಿ ಬೆಂಕಿಯಲ್ಲಿ ಹದವಾಗಿ ಸುಡುವ ಒಬ್ಬ ಹಿರಿಯ. ಬ್ರಾಯ್ಲರ್ ಕೋಳಿ ಬಂದ ಮೇಲೂ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಅಂಗಡಿಗಳಲ್ಲಿ ಗಿರಾಕಿ ಪಂಜರದೊಳಗಿನ ಕೋಳಿಯನ್ನೇ ಬೆರಳು ಮಾಡಿ ತೋರಿಸುತ್ತಾನೆ, ಕಣ್ಣೆದುರೇ ಕೊಯ್ಸಿಕೊಳ್ಳುತ್ತಾನೆ. ಫ್ರಿಜ್ಜಿನ ಮಾಂಸವೆಂದರೆ ಹಳಸಿದ್ದು ಎಂಬ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ.

ಈಗ ಆ ಪ್ರಶ್ನೆ ಬಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಡಿಸೆಂಬರ್ 24ರ ಸಂಜೆ ಐದು ಕೆಜಿಯ ಟರ್ಕಿ ಕೋಳಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಊರಿಗೆ ಬರುತ್ತಾನೆ. ತಟ್ಟಿದರೆ ಟಣ್ ಎನ್ನುವಷ್ಟು ಗಟ್ಟಿ. ಮರುದಿನ ಚರ್ಚಿನಿಂದ ಬರುವ ನೆಂಟರಿಗೆ ಅದೇ ಊಟ. ಒಬ್ಬರು ಬಿಸಿನೀರಿಗೆ ಹಾಕು ಅನ್ನುತ್ತಾರೆ, ಇನ್ನೊಬ್ಬರು ಬಿಸಿಲಿಗಿಡು ಅನ್ನುತ್ತಾರೆ, ಮತ್ತೊಬ್ಬರು ರಾತ್ರಿ ಜಗಲಿಯ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ ಎಂದು ಧೈರ್ಯ ಹೇಳುತ್ತಾರೆ. ಮೂರೂ ತಪ್ಪು. ಏಕೆ ತಪ್ಪು ಎಂಬುದರ ಹಿಂದೆ ನಾಲ್ಕು ಶತಮಾನ ದಾಟುವ ಕತೆಯಿದೆ.

ಮೊದಲು ಹಕ್ಕಿಯ ಸಂಗತಿ. ಟರ್ಕಿ ಕೋಳಿಯ ಮೂಲ ಮೆಕ್ಸಿಕೊ. ಸ್ಪೇನಿನವರ ಹಡಗಿನಲ್ಲಿ 16ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. 1612ರಲ್ಲಿ ಬಾದಶಹ ಜಹಾಂಗೀರನಿಗಾಗಿ ಮುಕರ್ರಬ್ ಖಾನ್ ಗೋವಾದಿಂದ ತಂದ ವಿಚಿತ್ರ ಜೀವಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು. ಅದರ ತಲೆ, ಕತ್ತುಗಳು ಬಣ್ಣ ಬದಲಿಸುವುದನ್ನು ಕಂಡು ಬಾದಶಹ ಬೆರಗಾಗಿ ತನ್ನ ಆತ್ಮಕಥೆಯಲ್ಲೇ ದಾಖಲಿಸಿದ. ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಆ ಹುಂಜದ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ದೇಶದಲ್ಲಿ ಟರ್ಕಿ ಮೊದಲು ಹೆಸರು ಮಾಡಿದ್ದು ತಟ್ಟೆಯಲ್ಲಲ್ಲ, ಚಿತ್ರಪಟದಲ್ಲಿ.

ಟರ್ಕಿಯನ್ನು ತಟ್ಟೆಗೆ ತಂದವರು ಇಂಗ್ಲಿಷರು. ಅಂಬಾಜಿದುರ್ಗದ ಕೋಟೆ 1791ರಲ್ಲಿ, ಮೂರನೇ ಮೈಸೂರು ಯುದ್ಧದಲ್ಲಿ, ಅವರ ಕೈಸೇರಿತು. ಆ ಕಾಲದ ದಂಡು ತಿನ್ನುವ ಕುರಿಕೋಳಿಗಳನ್ನು ಜೀವಂತವಾಗಿಯೇ ಹಿಂದೆ ಹೊಡೆದುಕೊಂಡು ಬರುತ್ತಿತ್ತು. ಆಮೇಲೆ ಬೆಂಗಳೂರಿನ ದಂಡುಪ್ರದೇಶ ಬೆಳೆಯಿತು, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ನೆಲೆ ನಿಂತರು, ಆಚೆ ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯ ಜನ ಬಂಗಲೆ ಕಟ್ಟಿಕೊಂಡರು. ಹೀಗೆ ಕ್ರಿಸ್‌ಮಸ್ ಊಟ ನಮ್ಮ ಸೀಮೆಯ ಸುತ್ತಮುತ್ತ ಮೂರು ಕಡೆ ಒಲೆ ಹೂಡಿತು. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ ಡಿಸೆಂಬರ್ ಬಂತೆಂದರೆ ಟರ್ಕಿಗೆ ಈಗಲೂ ಗಿರಾಕಿ ಉಂಟು.

ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯೂ ಟರ್ಕಿ ಸಾಕುತ್ತಿತ್ತು. 2012ರ ಅಕ್ಟೋಬರಿನಲ್ಲಿ ಅಲ್ಲಿನ ಟರ್ಕಿಗಳಿಗೆ ಹಕ್ಕಿಜ್ವರ ತಗುಲಿ ಸಾವಿರಾರು ಹಕ್ಕಿಗಳು ಸತ್ತವು, ಉಳಿದವನ್ನೂ ಕೊಲ್ಲಬೇಕಾಯಿತು. ಕ್ರಿಸ್‌ಮಸ್ಸಿಗೆ ಎರಡೇ ತಿಂಗಳಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೂ ಇದೇ ಜ್ವರ ಕಾಣಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ಜೀವಂತ ಕೋಳಿಯ ಮೇಲಿನ ನಂಬಿಕೆ ಕೆಲವು ವಾರ ಅಲುಗಾಡುತ್ತದೆ. ಚೆನ್ನಾಗಿ ಬೇಯಿಸಿದರೆ ಆ ವೈರಾಣು ಸಾಯುತ್ತದೆ ಎಂಬ ಮಾತು ಮಾತ್ರ ಅಷ್ಟು ಬೇಗ ಹಬ್ಬುವುದಿಲ್ಲ.

ಇನ್ನು ತಣ್ಣನೆಯ ಕತೆ. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ಮದ್ರಾಸಿನ ಕಡಲತೀರದಲ್ಲಿ ಈಗ ವಿವೇಕಾನಂದರ ಹೆಸರಿನಲ್ಲಿರುವ ಮನೆ ಅವನ ಐಸ್ ತುಂಬಿಡಲೆಂದೇ ಕಟ್ಟಿದ್ದು. 1882ರಲ್ಲಿ ‘ಡ್ಯುನೆಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಕೆಡದಂತೆ ಲಂಡನ್ನಿಗೆ ಮುಟ್ಟಿಸಿತು. ನಮ್ಮ ಕಡೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, ಬೆಂಗಳೂರಿನ ಬೀದಿದೀಪಗಳಿಗಿಂತ ಮೂರು ವರ್ಷ ಮೊದಲು. ಗಣಿಯ ಯಂತ್ರಗಳಿಗೆಂದು ಎಳೆದ ತಂತಿ ನಿಜ. ಆದರೆ ಇಂದಿನ ಫ್ರಿಜ್ಜೂ ಅಂಥ ತಂತಿಯ ಬಾಲದಲ್ಲೇ ನಿಂತಿರುವುದು. ಹಾಗೆ ನೋಡಿದರೆ ಶಿಡ್ಲಘಟ್ಟ, ಚಿಂತಾಮಣಿಯವರಿಗೆ ತಣ್ಣನೆಯ ಕೋಣೆ ಅಪರಿಚಿತವೇನಲ್ಲ. ರೇಷ್ಮೆ ಮೊಟ್ಟೆಯನ್ನು ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇಡಬೇಕೆಂದು ಬಲ್ಲವರು ಇಲ್ಲಿದ್ದಾರೆ. ಅದೇ ಶಿಸ್ತನ್ನು ಕೋಳಿಗೂ ತೋರಿಸುವ ಸಂದರ್ಭ ಅವರಿಗೆ ಬಂದಿರಲಿಲ್ಲ, ಅಷ್ಟೆ.

ಮಾಂಸವನ್ನು ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಒಳಗೆ ದೊಡ್ಡ ದೊಡ್ಡ ಐಸ್ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿಯುತ್ತವೆ, ಕರಗಿಸಿದಾಗ ರಸವೆಲ್ಲ ಸೋರಿ ಮಾಂಸ ನಾರಾಗುತ್ತದೆ. ಲಾಬ್ರಡಾರಿನ ಕಡು ಚಳಿಯಲ್ಲಿ ಹಿಡಿದ ಮೀನು ಕ್ಷಣದಲ್ಲಿ ಗಟ್ಟಿಯಾಗುವುದನ್ನೂ, ಬೇಯಿಸಿದಾಗ ರುಚಿ ಕೆಡದೇ ಇರುವುದನ್ನೂ ಗಮನಿಸಿದ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, ಬೇಗ ಹೆಪ್ಪುಗಟ್ಟಿಸುವ ಯಂತ್ರವನ್ನು 1920ರ ದಶಕದಲ್ಲಿ ರೂಪಿಸಿದ. 1930ರಲ್ಲಿ ಅಂಥ ಆಹಾರ ಅಂಗಡಿಗೆ ಬಂತು. ಹಕ್ಕಿಯೂ ಅದಕ್ಕೆ ತಕ್ಕಂತೆ ಬದಲಾಯಿತು. ಸಣ್ಣ ಓವನ್ನಿಗೂ ಸಣ್ಣ ಫ್ರಿಜ್ಜಿಗೂ ಹಿಡಿಸುವ ಟರ್ಕಿ ಬೇಕೆಂದು ಅಮೆರಿಕದ ಕೃಷಿ ಇಲಾಖೆ 1934ರಲ್ಲಿ ಕೆಲಸ ಆರಂಭಿಸಿ, ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್ ಎಂಬ ತಳಿ ತೆಗೆಯಿತು. ನಮ್ಮ ದೇಶದಲ್ಲೂ ಅದನ್ನು ಸಾಕುತ್ತಾರೆ. ಅಮೆರಿಕದವರೇ ಆಮೇಲೆ ಅದನ್ನು ಬಿಟ್ಟು ಎದೆ ಉಬ್ಬಿದ ಭಾರೀ ಹಕ್ಕಿಗಳ ಬೆನ್ನುಬಿದ್ದರು. ಐಸ್ ಬಿಡಿಸುವ ತಾಪತ್ರಯ ಅಷ್ಟು ದೊಡ್ಡದಾದದ್ದು ಅದರಿಂದಲೇ.

ಮಾಂಸದ ಮುಕ್ಕಾಲು ಪಾಲಿನಷ್ಟು ನೀರು. ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲೇ ನೀರಾಗಲು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ ಅದೇ ನೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ಇಷ್ಟೊಂದು ಶಾಖ ಹೊರಗಿನಿಂದಲೇ ಒಳಗೆ ಹೋಗಬೇಕು. ಮಂಜುಗಡ್ಡೆ ಶಾಖವನ್ನು ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದ್ದರಿಂದ ಕರಗಿದ ಹೊರಪದರವೇ ಒಳಗಿನ ಐಸಿಗೆ ಕಂಬಳಿ ಹೊದಿಸಿದಂತೆ ಅಡ್ಡ ನಿಲ್ಲುತ್ತದೆ, ಕರಗುತ್ತ ಹೋದಂತೆ ಕರಗುವುದು ನಿಧಾನವಾಗುತ್ತದೆ. ಹೆಪ್ಪುಗಟ್ಟಲು ತಗಲುವ ಹೊತ್ತನ್ನು ಜರ್ಮನಿಯ ರುಡಾಲ್ಫ್ ಪ್ಲಾಂಕ್ 1913ರಲ್ಲಿ ಸೂತ್ರಕ್ಕೆ ತಂದ. ದಪ್ಪದ ವಸ್ತುವಿನಲ್ಲಿ ದಪ್ಪ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟಾಗುತ್ತದೆ ಎಂಬುದು ಅದರ ಸಾರ. ಕರಗುವುದಕ್ಕೂ ಲೆಕ್ಕ ಹೆಚ್ಚುಕಡಿಮೆ ಅದೇ.

ಈ ನಿಧಾನದಲ್ಲೇ ಅಪಾಯ ಕೂತಿರುವುದು. ಒಳಗೆ ಇನ್ನೂ ಕಲ್ಲು, ಹೊರಚರ್ಮ ಮಾತ್ರ ಗಂಟೆಗಟ್ಟಲೆ ಬೆಚ್ಚಗೆ. ಸಾಲ್ಮೊನೆಲ್ಲಾದಂಥ ಸೂಕ್ಷ್ಮಜೀವಿಗಳು 4ರಿಂದ 60 ಡಿಗ್ರಿಯ ನಡುವೆ ವೃದ್ಧಿಸುತ್ತವೆ, ನಮ್ಮ ಮೈಬಿಸಿಯ ಆಸುಪಾಸಿನಲ್ಲಿ ಅತಿ ವೇಗವಾಗಿ. ಬಿಸಿನೀರು, ಬಿಸಿಲು ಎರಡೂ ಅವಕ್ಕೆ ಒಳ್ಳೆಯ ಹಬ್ಬ. ಜಗಲಿಯ ಸಲಹೆ ಇನ್ನೂ ಮೋಸದ್ದು, ಏಕೆಂದರೆ ಡಿಸೆಂಬರಿನಲ್ಲಿ ನಮ್ಮ ಬೆಟ್ಟದ ಕೆಳಗೆ ಕಂಬಳಿ ಹೊದೆಯುವಷ್ಟು ಚಳಿ ಇರುತ್ತದೆ. ನಮಗೆ ನಡುಕ ಹುಟ್ಟಿಸುವ 14–15 ಡಿಗ್ರಿ ಆ ಜೀವಿಗಳಿಗೆ ಕೆಲಸಕ್ಕೆ ಇಳಿಯಲು ಸಾಕಾದ ಬಿಸಿ.

ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ ಹೀಗಿದೆ: ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ, ತಟ್ಟೆಯ ಮೇಲೆ, ಎರಡು ಕೆಜಿಗೆ ಒಂದು ದಿನ. ಐದು ಕೆಜಿಗೆ ಎರಡೂವರೆ ದಿನ. ಹೊತ್ತಿಲ್ಲದಿದ್ದರೆ ಸೋರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ, ಒಂದು ಪೌಂಡಿಗೆ, ಅಂದರೆ ಅರ್ಧ ಕೆಜಿಗೆ ತುಸು ಕಡಿಮೆಗೆ, ಅರ್ಧ ಗಂಟೆಯಂತೆ. ಐದು ಕೆಜಿಗೆ ಐದೂವರೆ ಗಂಟೆ ಹಿಡಿದುಕೊಳ್ಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಇಷ್ಟು ವ್ಯತ್ಯಾಸ. ನೀರಿನಿಂದ ತೆಗೆದದ್ದನ್ನು ಕೂಡಲೇ ಬೇಯಿಸಬೇಕು. ಟರ್ಕಿ ಮಾರುವ ಒಂದು ಅಮೆರಿಕನ್ ಕಂಪನಿ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಲೆಂದೇ 1981ರಲ್ಲಿ ಫೋನಿನ ಮುಂದೆ ಜನ ಕೂರಿಸಿತು, ಆ ಸಹಾಯವಾಣಿ ಇಂದಿಗೂ ನಡೆಯುತ್ತಿದೆ. ಗಾಬರಿ ನಮ್ಮೊಬ್ಬರದಲ್ಲ.

ಆದರೆ ಆ ತಣ್ಣೀರಿನ ಲೆಕ್ಕವನ್ನು ಚಿಂತಾಮಣಿಗೆ ಹಾಗೇ ತರುವಂತಿಲ್ಲ. ಅಮೆರಿಕದಲ್ಲಿ ಡಿಸೆಂಬರಿನ ನಲ್ಲಿ ನೀರು ಕೈ ಕೊರೆಯುತ್ತದೆ. ಇಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಚಳಿಗಾಲದ ಮುಂಜಾನೆಯೂ ಬೆಚ್ಚನೆಯ ನೀರು ಬರುತ್ತದೆ. ಸ್ನಾನಕ್ಕೆ ಹಿತ, ಕೋಳಿಗೆ ಅಪಾಯ. ಬಕೆಟ್ಟಿಗೆ ಸ್ವಲ್ಪ ಐಸ್ ಹಾಕಿ ನೀರನ್ನು ತಣ್ಣಗಿಡಲೇಬೇಕು. ಹೊತ್ತು ಕೊಂಚ ಹೆಚ್ಚು ಹಿಡಿದರೆ ಹಿಡಿಯಲಿ. ಕರೆಂಟು ಹೋಗುವ ಮಾತೂ ಇದೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ ತಣ್ಣಗಿರುತ್ತದೆ, ಆಚೆ ಭರವಸೆಯಿಲ್ಲ.

24ರ ಸಂಜೆ ಕೈಗೆ ಬಂದ ಹಕ್ಕಿಗೆ ನನ್ನ ದಾರಿ ಇದು. ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಐಸ್ ಹಾಕಿ ತಣ್ಣಗಾಗಿಸಿದ ನೀರಿಗೆ ಇಳಿಸಿ, ಉಳಿದದ್ದನ್ನು ಅಲ್ಲೇ ಬಿಡಿಸಿ. ಕೀಲುಗಳಿಗೆ ಕತ್ತಿ ಹೋಗುವಷ್ಟು ಸಡಿಲಾದ ಕೂಡಲೇ ಕಡಿದು ತುಂಡು ಮಾಡಿಬಿಡಿ. ಇಡೀ ಹಕ್ಕಿಯೇ ಮೇಜಿನ ಮೇಲೆ ಕೂರಬೇಕೆಂಬ ಹಟ ಅಮೆರಿಕದವರದು, ಅದನ್ನು ನಾವೇಕೆ ಹೊರಬೇಕು? ತುಂಡಿನ ದಪ್ಪ ಅರ್ಧಕ್ಕಿಳಿದರೆ ಕಾಯುವ ಹೊತ್ತು ಕಾಲು ಭಾಗಕ್ಕಿಳಿಯುತ್ತದೆ. ನಾಟಿ ಕೋಳಿಯ ಸಾರಿಗೆ ನಮ್ಮವರು ತಲೆತಲಾಂತರದಿಂದ ಮಾಡಿದ್ದು ಇದನ್ನೇ. ಇನ್ನೂ ಐಸ್ ಇರುವ ತುಂಡುಗಳನ್ನೇ ಪಾತ್ರೆಗೆ ಹಾಕಿದರೂ ಅಪಾಯವಿಲ್ಲ, ಬೇಯಲು ಒಂದೂವರೆ ಪಟ್ಟು ಹೊತ್ತು ಬೇಕು, ಅಷ್ಟೆ. ಆದರೆ ಕಾದ ಎಣ್ಣೆಯ ಬಾಣಲೆಗೆ ಐಸ್ ಮಾಂಸ ಬಿಡಬಾರದು. ನೀರು ಒಮ್ಮೆಲೇ ಆವಿಯಾಗಿ ಎಣ್ಣೆಯನ್ನು ಎಗರಿಸುತ್ತದೆ. ನಲ್ಲಿಯ ಕೆಳಗೆ ತೊಳೆಯುವುದೂ ಬೇಡ, ತೊಟ್ಟಿಯ ಸುತ್ತೆಲ್ಲ ಸೂಕ್ಷ್ಮಜೀವಿಗಳು ಸಿಡಿಯುತ್ತವೆ. ತೊಡೆಯ ದಪ್ಪ ಭಾಗದ ಒಳಗೆ 74 ಡಿಗ್ರಿ ಮುಟ್ಟಿದರೆ ಬೆಂದಂತೆ.

ಕಡಿಯುವ ಮೊದಲು ಹೊಟ್ಟೆಯೊಳಗೆ ಕೈಹಾಕಿ ನೋಡಿ. ಅಂಗಡಿಯ ಟರ್ಕಿಯ ಒಳಗೆ ಕತ್ತು, ಲಿವರು, ಕಂದನಕಾಯಿಗಳ ಒಂದು ಪೊಟ್ಟಣ ಇರುವುದುಂಟು. ಕೊನೆಯವರೆಗೂ ಕರಗದೆ ಅಂಟಿಕೊಂಡಿರುವುದು ಅದೇ. ಅದನ್ನು ಬಿಡಿಸಿ ತೆಗೆದು, ಪೊಟ್ಟಣ ಕಿತ್ತು, ಕಾಳುಮೆಣಸು ಕುಟ್ಟಿ ಹಾಕಿ ಬೇರೆಯೇ ಒಂದು ಸಾರಿಗಿಟ್ಟರೆ ದೊಡ್ಡ ಪಾತ್ರೆ ಬೇಯುವವರೆಗೆ ನೆಂಟರನ್ನು ಕೂರಿಸಿಕೊಳ್ಳಬಹುದು.