ಮೂರು ನಾಣ್ಯಗಳ ಆಟ, ಕಾಲು ಗಂಟೆಯ ಬಿಡುವು

ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಲೆಕ್ಕ ಮುಗಿಸುವವರೆಗೆ ಉದ್ಯಮಿಗೆ ಬಿಡುವೆಂಬುದು ದುರ್ಲಭ. ತಾರುಣ್ಯದಲ್ಲಿ ವಿಡಿಯೋ ಗೇಮ್ ಅಂಗಡಿಗಳಲ್ಲಿ ‘ಸ್ಟ್ರೀಟ್ ಫೈಟರ್’ ಆಡಿದವರಲ್ಲಿ ಹಲವರು ಇಂದು ಕಾರ್ಖಾನೆ, ಮಳಿಗೆಗಳ ಹೊಣೆ ಹೊತ್ತಿದ್ದಾರೆ. ಆ ಆಟವನ್ನು ಮತ್ತೆ ಆಡುವ ಆಸೆಯಿದ್ದರೂ ‘ವೇಳೆ ಎಲ್ಲಿದೆ?’ ಎಂಬ ಪ್ರಶ್ನೆ ಅಡ್ಡ ಬರುತ್ತದೆ. ಇದಕ್ಕೆ ಉತ್ತರವು ಆ ಆಟದ ಹಿಂದಿನ ವ್ಯಾಪಾರ ಸೂತ್ರದಲ್ಲಿಯೇ ಇದೆ.

ನಾಣ್ಯವೇ ಗಡಿಯಾರ

ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಸಂಸ್ಥೆಯು 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಮೂಲತಃ ನಾಣ್ಯ ಹಾಕಿ ಆಡುವ ಯಂತ್ರಕ್ಕಾಗಿ ರೂಪುಗೊಂಡ ಆಟ. ಜಪಾನಿನಲ್ಲಿ 100 ಯೆನ್, ಅಮೆರಿಕದಲ್ಲಿ 25 ಸೆಂಟ್ ಇಂತಹ ಯಂತ್ರಗಳ ವಾಡಿಕೆಯ ನಾಣ್ಯಗಳು. ಒಂದು ನಾಣ್ಯಕ್ಕೆ ಎಷ್ಟು ಹೊತ್ತಿನ ಆಟ ಎಂಬುದರ ಮೇಲೆಯೇ ಯಂತ್ರದ ಮಾಲೀಕನ ಆದಾಯ ನಿಂತಿತ್ತು. ಪ್ರತಿ ಸುತ್ತಿಗೂ 99ರಿಂದ ಸೊನ್ನೆಗೆ ಇಳಿಯುವ ಎಣಿಕೆ. ಮೊದಲು ಎರಡು ಸುತ್ತು ಗೆದ್ದವನಿಗೆ ಪಂದ್ಯ. ಇಬ್ಬರು ಪರಸ್ಪರ ಆಡುವಾಗ ಗೆದ್ದವನು ಯಂತ್ರದ ಮುಂದೆ ಉಳಿಯುತ್ತಾನೆ; ಸೋತವನು ಮತ್ತೊಂದು ನಾಣ್ಯ ಹಾಕಬೇಕು, ಇಲ್ಲವೇ ಸರದಿಯಲ್ಲಿ ನಿಂತವನಿಗೆ ಜಾಗ ಬಿಡಬೇಕು. ಹೀಗಾಗಿ ಒಂದು ಪಂದ್ಯ ಸಾಮಾನ್ಯವಾಗಿ ಐದು ನಿಮಿಷ ಮೀರುವುದಿಲ್ಲ. ಮಾಲೀಕನ ಲಾಭಕ್ಕೆಂದು ಹಾಕಿದ ಈ ಅಳತೆ ಕಾರ್ಯನಿರತನಿಗೂ ಅನುಕೂಲಕರವಾಗಿದೆ.

ಮನೆಯಲ್ಲಿಲ್ಲದ ತಡೆ

ಈ ಆಟದ ಹಲವು ಆವೃತ್ತಿಗಳನ್ನೊಳಗೊಂಡ 30ನೆಯ ವಾರ್ಷಿಕೋತ್ಸವದ ಸಂಗ್ರಹವು 2018ರಲ್ಲಿ ಕಂಪ್ಯೂಟರ್ ಹಾಗೂ ಮನೆಯ ಗೇಮ್ ಯಂತ್ರಗಳಿಗೆ ಬಂದಿತು. ಆದರೆ ಮನೆಯಲ್ಲಿ ನಾಣ್ಯ ಹಾಕಬೇಕಾಗಿಲ್ಲ, ಬೆನ್ನ ಹಿಂದೆ ಕಾಯುವವರೂ ಇಲ್ಲ. ಸೋತೊಡನೆ ಮುಂದುವರಿಸುವಿರಾ ಎಂದು ಕೇಳುವ ಪರದೆ ಮಾತ್ರ ಹಾಗೆಯೇ ಉಳಿದಿದೆ. ಅಂದು ಜೇಬು ಬರಿದಾದಾಗ ಆಟಗಾರ ಏಳುತ್ತಿದ್ದ. ಇಂದು ಖರ್ಚಾಗುವುದು ನಿದ್ರೆ ಮತ್ತು ಮನೆಯವರೊಡನೆ ಕಳೆಯಬೇಕಾದ ಹೊತ್ತು. ಈ ಖರ್ಚು ಯಾವ ಖಾತೆ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ಅನುಸರಿಸಬಹುದಾದ ಕ್ರಮ

ಆಟಕ್ಕೆ ಕುಳಿತುಕೊಳ್ಳುವ ಮುನ್ನ ಮೇಜಿನ ಮೇಲೆ ಮೂರು ನಾಣ್ಯಗಳನ್ನಿಡಿ. ಪ್ರತಿ ಪಂದ್ಯಕ್ಕೂ ಒಂದನ್ನು ಡಬ್ಬಿಗೆ ಹಾಕಿ. ಮೂರು ಮುಗಿದರೆ ಅಂದಿನ ಆಟ ಮುಗಿಯಿತು. ಸುಮಾರು ಕಾಲು ಗಂಟೆ.

ಮೂಲ ಆಟದಲ್ಲಿ ಆಯ್ದುಕೊಳ್ಳಲು ಎಂಟು ಹೋರಾಟಗಾರರಿದ್ದಾರೆ. ಎಲ್ಲರನ್ನೂ ಕಲಿಯಲು ಹೊರಟರೆ ವೇಳೆ ಸಾಲದು. ಭಾರತದ ಯೋಗಿ ಧಾಲ್ಸಿಮ್ ನಮಗೆ ಪ್ರಿಯನಾದರೂ ಅವನ ನೀಳ ಕೈಕಾಲುಗಳನ್ನು ಪಳಗಿಸಲು ಅಭ್ಯಾಸ ಬೇಕು. ರ್‍ಯೂ ಎಂಬ ಒಬ್ಬನನ್ನೇ ಹಿಡಿದು, ಹಿಡಿಕೆಯನ್ನು ಕೆಳಗೆ, ಓರೆಗೆ, ಮುಂದಕ್ಕೆ ಸರಿಸಿ ಗುದ್ದಿನ ಗುಂಡಿ ಒತ್ತುವ ‘ಹಡೋಕೆನ್’ ಪಟ್ಟನ್ನು ಮೊದಲು ಸಾಧಿಸುವುದು ಲೇಸು. ದಿನದ ಲೆಕ್ಕ ಮುಗಿದ ನಂತರ, ಊಟಕ್ಕೆ ಮೊದಲು ಆಡಿದರೆ ಊಟದ ಕರೆಯೇ ಆಟಕ್ಕೆ ಕೊನೆಯ ಗಂಟೆಯಾಗುತ್ತದೆ.

ಮೂರನೆಯ ನಾಣ್ಯದಲ್ಲಿ ಸೋತರೂ ಏಳಲೇಬೇಕು. ಅಂದಿನ ನಷ್ಟವನ್ನು ಅಂದೇ ತುಂಬಿಕೊಳ್ಳಲು ಹೊರಟ ವ್ಯಾಪಾರಿಯ ಗತಿ ನಮಗೆಲ್ಲರಿಗೂ ತಿಳಿದದ್ದೇ ಆಗಿದೆ.