ಹೊಗೆ ಮೇಲೆ, ನಾವು ಕೆಳಗೆ

ಮಕ್ಕಳೇ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಆಲೆಮನೆ ನೋಡದವರು ಕಡಿಮೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಕೆಳಗಿನ ಒಲೆಗೆ ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ತಳ್ಳುತ್ತಲೇ ಇರುತ್ತಾರೆ. ಅವರು ಸ್ವಲ್ಪ ಹೊತ್ತು ಕೈ ನಿಲ್ಲಿಸಿದರೆ ಏನಾಗುತ್ತದೆ? ಉರಿ ತಾನಾಗಿ ತಗ್ಗುತ್ತದೆ.

ಬೆಂಕಿಯ ಗುಟ್ಟು ಇಲ್ಲೇ ಇದೆ. ಬೆಂಕಿ ಉರಿಯಲು ಮೂರು ಬೇಕು: ಉರಿಯುವ ವಸ್ತು, ಶಾಖ ಮತ್ತು ಆಮ್ಲಜನಕ. ಗಾಳಿಯ 100 ಭಾಗದಲ್ಲಿ ಸುಮಾರು 21 ಭಾಗ ಆಮ್ಲಜನಕ. ಈ ಮೂರನ್ನು ವಿಜ್ಞಾನಿಗಳು 'ಅಗ್ನಿ ತ್ರಿಕೋನ' ಎನ್ನುತ್ತಾರೆ. ಒಂದು ಭುಜವನ್ನು ತೆಗೆದರೂ ತ್ರಿಕೋನ ಮುರಿಯುತ್ತದೆ, ಬೆಂಕಿ ಆರುತ್ತದೆ. ನೀರು ಶಾಖವನ್ನು ಕಸಿಯುತ್ತದೆ. ಮರಳು ಗಾಳಿಯನ್ನು ತಡೆಯುತ್ತದೆ.

ಆಲೆಮನೆಯ ಒಲೆಗೆ ಚಿಮಣಿ ಇದೆ. ಹೊಗೆ ಅದರ ಮೂಲಕ ಹೊರಗೆ ಹೋಗುತ್ತದೆ. ಈಗ ವಿದ್ಯಾರ್ಥಿನಿಲಯದ ಕೊಠಡಿಯನ್ನು ನೆನಪಿಸಿಕೊಳ್ಳಿ. ನಿಮ್ಮಲ್ಲಿ ಕೆಲವರು ಈಗಾಗಲೇ ಅಲ್ಲಿರಬಹುದು. ಇನ್ನು ಕೆಲವರು ಮುಂದಿನ ಓದಿಗೆ ಅಲ್ಲಿಗೆ ಸೇರಬಹುದು. ಅಲ್ಲಿ ಹಾಸಿಗೆ, ಹೊದಿಕೆ, ಬಟ್ಟೆ, ಪುಸ್ತಕ ಎಲ್ಲವೂ ಉರಿಯುವ ವಸ್ತುಗಳೇ. ಆದರೆ ಚಿಮಣಿ ಇಲ್ಲ. ಹಾಗಾದರೆ ಬೆಂಕಿ ಬಿದ್ದಾಗ ಹೊಗೆ ಎಲ್ಲಿಗೆ ಹೋಗುತ್ತದೆ?

ಮಾಡಿ ನೋಡಿ

ಇದನ್ನು ಶಿಕ್ಷಕರು ಜೊತೆಗಿದ್ದಾಗ ಮಾತ್ರ ಮಾಡಿ. ಒಂದು ಉದ್ದ, ಒಂದು ಗಿಡ್ಡ ಮೇಣದಬತ್ತಿಯನ್ನು ತಟ್ಟೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ ಹಚ್ಚಿ. ಎರಡರ ಮೇಲೂ ಎತ್ತರದ ಗಾಜಿನ ಜಾಡಿಯನ್ನು ಬೋರಲು ಹಾಕಿ. ಯಾವುದು ಮೊದಲು ಆರುತ್ತದೆ? ಮೊದಲೇ ಊಹಿಸಿ ಬರೆದಿಡಿ.

ಹೆಚ್ಚಿನವರು ಗಿಡ್ಡದು ಎನ್ನುತ್ತಾರೆ. ಆದರೆ ಸಾಮಾನ್ಯವಾಗಿ ಉದ್ದದ್ದೇ ಮೊದಲು ಆರುತ್ತದೆ! ಉರಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಬಿಸಿಯಾಗಿರುವುದರಿಂದ ಮೇಲಕ್ಕೆ ಏರುತ್ತದೆ. ಜಾಡಿಯ ಮೇಲ್ಭಾಗ ಮೊದಲು ತುಂಬುತ್ತದೆ. ಕೆಳಗೆ ಒಳ್ಳೆಯ ಗಾಳಿ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಕೊಠಡಿಯಲ್ಲಿ ಆಗುವುದೂ ಇದೇ. ಬಿಸಿ ಹೊಗೆ ಚಾವಣಿಗೆ ಏರಿ, ಅಲ್ಲಿಂದ ಪದರ ಪದರವಾಗಿ ಕೆಳಗಿಳಿಯುತ್ತದೆ. ನಿಂತವರು ಉದ್ದ ಬತ್ತಿಯಂತೆ. ನೆಲಕ್ಕೆ ಬಗ್ಗಿ ಅಂಬೆಗಾಲಿನಲ್ಲಿ ಸಾಗುವವರು ಗಿಡ್ಡ ಬತ್ತಿಯಂತೆ.

ಬೆಂಕಿಗಿಂತ ಮುಂದೆ ಓಡುವ ಶತ್ರು

ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುವ ಬಂಡಿ ಇದ್ದಂತೆ. ಆ ಬಂಡಿಯನ್ನು ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ತಲೆ ಸುತ್ತಿ, ಪ್ರಜ್ಞೆ ತಪ್ಪುತ್ತದೆ. ಬೆಂಕಿಯ ಅವಘಡಗಳಲ್ಲಿ ಅನೇಕರು ಸಾಯುವುದು ಉರಿ ತಾಗಿ ಅಲ್ಲ, ಹೊಗೆ ಕುಡಿದು.

ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ 2010ರ ಫೆಬ್ರವರಿ 23ರಂದು ಬೆಂಕಿ ಬಿತ್ತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ತಾಳಲಾರದೆ ಕೆಲವರು ಕಿಟಕಿಯಿಂದ ಜಿಗಿದರು. 9 ಮಂದಿ ಸತ್ತರು.

ಅದಕ್ಕೂ ಮೊದಲು, 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಇನ್ನೂ ದೊಡ್ಡ ದುರಂತ ನಡೆಯಿತು. ಮಂಡ್ಯ ಜಿಲ್ಲೆಯನ್ನು ಹಾದು ಹೋಗುವ ಕಾವೇರಿಯೇ ಆ ಊರನ್ನೂ ಮುಟ್ಟುತ್ತಾಳೆ. ಅಲ್ಲಿನ ಒಂದು ಶಾಲೆಯ ಅಡುಗೆಮನೆಯಿಂದ ಬೆಂಕಿ ಗರಿ ಹೊದಿಸಿದ ಚಾವಣಿಗೆ ಹಬ್ಬಿತು. ಹೊರಬರುವ ದಾರಿ ಇಕ್ಕಟ್ಟಾಗಿತ್ತು. ನಿಮ್ಮಂತಹ 94 ಮಕ್ಕಳು ಮನೆಗೆ ಮರಳಲಿಲ್ಲ.

ಬೆಂಕಿ ಹುಟ್ಟದಂತೆ

ವಿದ್ಯಾರ್ಥಿನಿಲಯದಲ್ಲಿ ದೊಡ್ಡ ಬೆಂಕಿ ಚಿಕ್ಕ ಅಜಾಗರೂಕತೆಯಿಂದ ಹುಟ್ಟುತ್ತದೆ. ಕರೆಂಟ್ ಹೋದಾಗ ಹಾಸಿಗೆಯ ಪಕ್ಕ ಮೇಣದಬತ್ತಿ ಇಡಬೇಡಿ, ಟಾರ್ಚ್ ಬಳಸಿ. ಸೊಳ್ಳೆಬತ್ತಿಯನ್ನು ಹೊದಿಕೆಯಿಂದ ದೂರ, ತಟ್ಟೆಯ ಮೇಲೆ ಇಡಿ. ಒಂದೇ ಪ್ಲಗ್ಗಿಗೆ ಹಲವು ವೈರು ಸಿಕ್ಕಿಸಬೇಡಿ. ಹೆಚ್ಚು ವಿದ್ಯುತ್ ಹರಿದರೆ ವೈರು ಕಾಯುತ್ತದೆ, ಅದರ ಹೊದಿಕೆ ಕರಗಿ ಕಿಡಿ ಹಾರಬಹುದು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಬಾಗಿಲು ತೆರೆದು ಹೊರಬನ್ನಿ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ನಿಂತಿರುತ್ತದೆ.

ಬೆಂಕಿ ಬಿದ್ದಾಗ

1. "ಬೆಂಕಿ! ಬೆಂಕಿ!" ಎಂದು ಕೂಗಿ ಎಲ್ಲರನ್ನೂ ಎಬ್ಬಿಸಿ. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆಯೇ ಎಬ್ಬಿಸುತ್ತದೆ ಎಂದು ನಂಬಬೇಡಿ.

2. ಹೊಗೆ ಇದ್ದರೆ ನೆಲಕ್ಕೆ ಬಗ್ಗಿ, ಗೋಡೆ ಹಿಡಿದು ಸಾಗಿ. ಒದ್ದೆ ಬಟ್ಟೆ ಮಸಿಯನ್ನು ಸ್ವಲ್ಪ ತಡೆದೀತು, ವಿಷಾನಿಲವನ್ನು ತಡೆಯದು. ಬಟ್ಟೆ ಹುಡುಕುತ್ತಾ ನಿಲ್ಲಬೇಡಿ.

3. ಮುಚ್ಚಿದ ಬಾಗಿಲನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ. ಬಿಸಿಯಿದ್ದರೆ ತೆರೆಯಬೇಡಿ, ಬೇರೆ ದಾರಿ ಹಿಡಿಯಿರಿ. ಎಲ್ಲರೂ ಹೊರಬಂದ ಮೇಲೆ ಬಾಗಿಲು ಎಳೆದುಕೊಳ್ಳಿ. ಹೊಗೆ ಹರಡುವುದು ನಿಧಾನವಾಗುತ್ತದೆ.

4. ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ. ಓಡಿದರೆ ಗಾಳಿ ಹೆಚ್ಚು ಸಿಗುತ್ತದೆ. ನೆಲಕ್ಕೆ ಬಿದ್ದು ಹೊರಳಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಪೇಸ್ಟ್, ಇಂಕು, ಎಣ್ಣೆ ಹಚ್ಚಬೇಡಿ.

5. ಹೊರಬಂದ ಮೇಲೆ 101 ಅಥವಾ 112ಕ್ಕೆ ಕರೆ ಮಾಡಿಸಿ. ಒಂದೆಡೆ ಸೇರಿ ತಲೆ ಎಣಿಸಿ. ಟ್ರಂಕು, ಪುಸ್ತಕಕ್ಕಾಗಿ ಯಾರೂ ಮತ್ತೆ ಒಳಗೆ ಹೋಗಬಾರದು.

ಇದೆಲ್ಲ ನಡೆಯಬೇಕಾದರೆ ಒಂದು ಮುಖ್ಯ ಸಂಗತಿ ಬೇಕು: ಹೊರಗೆ ಹೋಗುವ ಬಾಗಿಲು ತೆರೆಯುವಂತಿರಬೇಕು. ಕಳ್ಳರ ಭಯಕ್ಕೆ ರಾತ್ರಿ ಬೀಗ ಹಾಕಿ, ಕೀಲಿ ಬೇರೆಲ್ಲೋ ಇದ್ದರೆ, ಬಗ್ಗಿ ಸಾಗಿದ್ದೂ ವ್ಯರ್ಥ.

ಕುಂಭಕೋಣದ ದುರಂತದ ಬಳಿಕ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಸುರಕ್ಷಿತ ಜಾಗದಲ್ಲಿ ಕಲಿಯುವುದು ಮಕ್ಕಳ ಹಕ್ಕು, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳು ಇರಲೇಬೇಕು ಎಂದು 2009ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು. ಆದ್ದರಿಂದ "ಸರ್, ನಮ್ಮ ಕೆಂಪು ಸಿಲಿಂಡರ್ ಎಲ್ಲಿದೆ? ರಾತ್ರಿ ಬಾಗಿಲ ಕೀಲಿ ಯಾರ ಹತ್ತಿರ ಇರುತ್ತದೆ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಇಂದೇ ಒಂದು ಲೆಕ್ಕ ಮಾಡಿ. ನೀವು ಮಲಗುವ ಜಾಗದಿಂದ ಹೊರಬಾಗಿಲಿಗೆ ಎಷ್ಟು ಹೆಜ್ಜೆ? ಎಲ್ಲಿ ತಿರುವು, ಎಲ್ಲಿ ಮೆಟ್ಟಿಲು? ಮೊದಲು ಕಣ್ಣು ತೆರೆದು ಎಣಿಸಿ. ಆಮೇಲೆ ಸ್ನೇಹಿತರ ಕೈ ಹಿಡಿದು, ಕಣ್ಣು ಮುಚ್ಚಿ ಎಣಿಸಿ. ಹೊಗೆಯ ಕತ್ತಲಲ್ಲಿ ದಾರಿ ತೋರಿಸುವುದು ಈ ಲೆಕ್ಕವೇ.